ಆರು ಕಿಂಡಿ ಪೆಟಗಿ

ಹೋದ ಸಲ ಕೆಂಪಖಾರ ಹಾಕೋದು ಬರದಾಗ ಹುಬ್ಬಳ್ಳಿ ವೈನಿ ಫೋನ್ ಮಾಡಿ, "ಎಲ್ಲಾ ಛಲೋ ಬರದೀ ಖರೆ, ಆದ್ರ ಆ ಫೋಟೋದಾಗ ಭರಣಿ ಹಿಂದ ಕರ್ರಗ ಒಂದು ಪೆಟಗಿ ಕಾಣ್ತದಲ್ಲ, ದೀಪ ಮಿಣಿಮಿಣಿ ಅಂತಾವ, ಏನದು?" ಅಂತ ಕೇಳಿದ್ರು. ಖಾರದ ಅಳತಿ ಕೇಳ್ತಾರೇನೋ ಅಂತ ನಾ ಕಾಯ್ಕೊಂಡಿದ್ದೆ, ಅವರ ಕಣ್ಣು ಪೆಟಗಿ ಮ್ಯಾಲೆ. ಆಮ್ಯಾಲೆ ಇನ್ನೂ ಇಬ್ಬರು ಅದನ್ನ ಕೇಳಿದ್ರು. ಅದಕ್ಕ ಈ ಸಲ ಅಡಿಗಿ ಇಲ್ಲ, ಪೆಟಗಿ ಪುರಾಣ. ಸ್ವಲ್ಪ ಉದ್ದ ಆಗ್ತದ. ಬ್ಯಾಳಿ ಕುಕ್ಕರಿಗೆ ಇಟ್ಟು ಕೂತು ಓದ್ರಿ.

ಅದು ನಮ್ಮ ಮನಿ ಇಂಟರ್ನೆಟ್ಟಿನ ಕಾವಲು. ಫೈರ್‌ವಾಲ್ ಅಂತಾರ. ಹೊರಗಿಂದ ಬರೋ ನೆಟ್ ಮೊದಲು ಅದರೊಳಗ ಹೊಕ್ಕು, ಆಮ್ಯಾಲೆ ನಮ್ಮ ವೈಫೈಗೆ ಬರ್ತದ. ನಡುವ ಅದು ಸೋಸ್ತದ. ಕೆಟ್ಟ ವೆಬ್‌ಸೈಟುಗಳ ಹೆಸರಿನ ದೊಡ್ಡ ಪಟ್ಟಿ ಅದರ ಹತ್ರ ಇರ್ತದ, ಆ ಹೆಸರು ಯಾರರೆ ಕೇಳಿದ್ರ "ಇಲ್ಲ" ಅಂತ ಕಳಸ್ತದ.

ಇದು ಯಾಕ ಬಂತು ಅಂದ್ರ, ನಮ್ಮ ಓಣ್ಯಾಗಿನ ಒಬ್ಬ ಮಾಮಿಯವರ ಫೋನಿಗೆ ಒಂದು ಸಂಜಿ ಮೆಸೇಜ್ ಬಂತು. ಬಿಲ್ ತುಂಬಿಲ್ಲ, ಇವತ್ತ ರಾತ್ರಿನ ನಿಮ್ಮ ಮನಿ ಕರೆಂಟ್ ಕಟ್ ಆಗ್ತದ, ಇಲ್ಲೆ ಒತ್ತಿ ತುಂಬ್ರಿ ಅಂತ. ಮಾಮಿ ಗಾಬ್ರಿ ಆಗಿ ಒತ್ತಿದ್ರು. ಕೂಡಿಟ್ಟ ಪೆನ್ಷನ್ ರೊಕ್ಕ ಹೋತು. ಅದಾದ ಮ್ಯಾಲೆ ಅವರು ನಮ್ಮ ಅತ್ತಿಯವರ ಜೋಡಿ ಕಟ್ಟಿ ಮ್ಯಾಲೆ ಕೂಡೋದನ್ನ ಬಿಟ್ರು, ನಾಚಿಕಿ ಅಂತ. ನಾಚಿಕಿ ಯಾರಿಗೆ ಆಗಬೇಕಿತ್ತು ನೀವ ಹೇಳ್ರಿ. ನಮ್ಮ ಅತ್ತಿಯವರ ಹತ್ರಾನೂ ಒಂದು ಟ್ಯಾಬ್ ಅದ. ದಾಸರ ಪದ ಕೇಳಲಿಕ್ಕೆ ಅಂತ ಕೊಡಿಸಿದ್ದು, ಆದ್ರ ತೆರ್ಯಾಗ ಏನು ಮಿಣಕಿದ್ರೂ ಅವರಿಗೆ ಒತ್ತಿ ನೋಡಬೇಕು. ನನಗ ನಿದ್ದಿ ಹತ್ತದಂಗ ಆತು.

ಬೆಂಗಳೂರಾಗ ಕಂಪ್ಯೂಟರ್ ಕೆಲಸ ಮಾಡೋ ನನ್ನ ತಮ್ಮಗ ಹೇಳಿದೆ. ದೀಪಾವಳಿಗೆ ಬರುವಾಗ ಅವ ಈ ಪೆಟಗಿ ಹೊತ್ಕೊಂಡು ಬಂದ. ಎಸ್.ಪಿ. ರಸ್ತೆದಾಗ ಹಳೇ ಸಾಮಾನು ಮಾರೋರ ಹತ್ರ ತಗೊಂಡದ್ದು. ಯಾವುದೋ ಆಫೀಸಿನಾಗ ಕಾವಲು ಕಾದು ರಿಟೈರ್ ಆದದ್ದು. ದೊಡ್ಡ ಆಫೀಸುಗಳಾಗ ಹಿಂಗಂತ, ಮಾಡಿದ ಕಂಪನಿ ಲೈಸೆನ್ಸ್ ಕೊಡೋದು, ಅಪ್ಡೇಟ್ ಕೊಡೋದು ನಿಲ್ಲಿಸಿದ ಕೂಡಲೆ ಗಟ್ಟಿಮುಟ್ಟ ಇದ್ದದ್ದನ್ನೂ ಗುಜರಿಗೆ ಹಾಕ್ತಾರ. ಮುಚ್ಚಳ ತಗದು ನೋಡಿದ್ರ ಒಳಗ ಮಾಮೂಲಿ ಕಂಪ್ಯೂಟರ್‌ನ ಇರ್ತದ: ಇಂಟೆಲ್ ಪ್ರೊಸೆಸರ್, ಮೆಮೊರಿ, ಒಂದು ಸಣ್ಣ ಡಿಸ್ಕು. ತಮ್ಮ ಅದರಾಗಿನ ಹಳೇ ಸಾಫ್ಟ್‌ವೇರ್ ಅಳಿಸಿ ಆಪ್‌ನ್‌ಸೆನ್ಸ್ ಅನ್ನೋದನ್ನ ಹಾಕಿದ. ಅದು ಪುಕಟ, ಯಾರು ಬೇಕಾದ್ರೂ ಹಾಕ್ಕೋಬಹುದು. 2015ರಾಗ ಪಿಎಫ್‌ಸೆನ್ಸ್ ಅನ್ನೋದ್ರಿಂದ ಕವಲೊಡದು ಬಂದದ್ದು, ಅದರ ಬುಡದಾಗ ಫ್ರೀಬಿಎಸ್‌ಡಿ ಇರ್ತದ.

ಮೊದಲನೇ ದಿನ ಆನ್ ಮಾಡಿದಾಗ ಫ್ಯಾನು ಮಿಕ್ಸರ್ ಹಂಗ ಒದರ್ತು. ಅದಕ್ಕ ಅದಕ್ಕ ಜಾಗ ಸಾಮಾನಿನ ಕೋಣಿ, ಭರಣಿ ಪಕ್ಕದಾಗ. ಕರೆಂಟ್ ಎಷ್ಟು ತಿಂತದ ಅಂತ ನಮ್ಮ ಮನಿಯವರು ಮೀಟರ್ ಹಚ್ಚಿ ನೋಡಿದ್ರು. 30 ವ್ಯಾಟ್. ಹಗಲು ರಾತ್ರಿ ಹಚ್ಚಿಟ್ರ ತಿಂಗಳಿಗೆ 22 ಯೂನಿಟ್ ಹತ್ರ. ಗೃಹಜ್ಯೋತಿ ಲೆಕ್ಕ ಇಟ್ಟವರು ಇದನ್ನ ಮರೀಬ್ಯಾಡ್ರಿ, ನಿಮ್ಮ ಹಳೇ ಸರಾಸರಿ ಮ್ಯಾಲೆ ಸ್ವಲ್ಪಷ್ಟೇ ಅಲ್ಲೆ ಬಿಡ್ತಾರ.

ಈಗ ಕಿಂಡಿ ವಿಷಯ. ಪೆಟಗಿ ಮುಂದ ಆರು ಪೋರ್ಟು, 1ರಿಂದ 6ರ ತನಕ ನಂಬರ್. ನಾವು ಕಿಂಡಿ ಅಂತೇವಿ. ಅವುಗಳ ಪಕ್ಕದಾಗ ಅದೇ ಆಕಾರದ ಇನ್ನೊಂದು ಕಿಂಡಿ, ಅದು ಕನ್ಸೋಲ್. ಅದರಾಗ ನೆಟ್ ಕೇಬಲ್ ಕೂಡ್ತದ, ಕೂತು ಟಕ್ ಅಂತ ಸಪ್ಪಳಾನೂ ಮಾಡ್ತದ, ಆದ್ರ ಏನೂ ಆಗೂದಿಲ್ಲ. ಅದು ಪೆಟಗಿ ಜೋಡಿ ಮಾತಾಡ್ಲಿಕ್ಕೆ ಇರೋದು, ಬ್ಯಾರೆ ಕೇಬಲ್ ಬೇಕು. ನಮ್ಮ ಮನಿಯವರು ಒಂದು ಸಲ ಅದರಾಗ ಕೇಬಲ್ ಚುಚ್ಚಿ ಅರ್ಧಾ ತಾಸು ನೆಟ್ ಕಂಪನಿಯವರಿಗೆ ಬೈದ್ರು. ಇದನ್ನ ಅವರೂ ಓದ್ತಾರ, ಓದ್ಲಿ.

ಹೊರಗ ಬರದ ನಂಬರಿಗೂ ಒಳಗ ಪೆಟಗಿ ತಿಳ್ಕೊಂಡ ನಂಬರಿಗೂ ತಾಳಮೇಳ ಇರೂದಿಲ್ಲ. ಇಂಟೆಲ್ ಚಿಪ್ಪಿನ ಕಿಂಡಿಗೆ ಫ್ರೀಬಿಎಸ್‌ಡಿ ಒಳಗ ಐಜಿಬಿ0, ಐಜಿಬಿ1 ಅಂತ ಹೆಸರು, ಸೊನ್ನಿಯಿಂದ ಶುರು. ನಮ್ಮದರಾಗ ಸಾಲು ಉಲ್ಟಾ ಬ್ಯಾರೆ. ಹೊರಗ 1 ಅಂತ ಇದ್ದದ್ದು ಒಳಗ ಐಜಿಬಿ5, ಹೊರಗ 6 ಇದ್ದದ್ದು ಐಜಿಬಿ0. ಇದನ್ನ ಕಂಡುಹಿಡಿಯೋದು ಸರಳ ಅದ. ತೆರಿ ಮುಂದ ಕೂತು ಒಂದೊಂದೇ ಕಿಂಡಿಗೆ ಕೇಬಲ್ ಚುಚ್ಚಿದ್ರ, ಐಜಿಬಿ ಇಂಥಾದ್ದು ಅಪ್ ಆತು ಅಂತ ಒಂದು ಸಾಲು ಬರ್ತದ. ಅದನ್ನ ಚೀಟಿ ಮ್ಯಾಲೆ ಬರದು ಪೆಟಗಿಗೆ ಅಂಟಿಸೋದು. ಡಬ್ಬಿಗೆ ಸಾಸ್ವಿ ಜೀರಗಿ ಅಂತ ಚೀಟಿ ಹಚ್ಚೋ ಕೈಗೆ ಇದೇನು ಹೊಸಾದು?

ಕೇಬಲ್ಲಿನ ಕತಿ ಮಾತ್ರ ನನಗ ಭಾಳ ಸೇರ್ತು. ನಮ್ಮ ನೆಟ್ಟಿನ ಪ್ಲಾನ್ 200. ಅಳದು ನೋಡಿದಾಗೆಲ್ಲಾ 94 ಬರ್ತಿತ್ತು, ಅದರ ಮ್ಯಾಲೆ ಏರೂದಿಲ್ಲ ಅಂದ್ರ ಇಲ್ಲ. ತಮ್ಮಗ ಫೋನ್ ಮಾಡಿದೆ. 94 ಅಂದ ಕೂಡಲೆ ಅವ ನಕ್ಕ. "ಅಕ್ಕಾ, ಅದು 100ರ ಲೆಕ್ಕ. ಕಿಂಡಿ 1000ಕ್ಕ ಓಡೋ ಬದ್ಲಿ 100ಕ್ಕ ಇಳದದ. ಎಲ್ಲೋ ಒಂದು ಎಳಿ ಕಡದದ." ಕೇಬಲ್ಲಿನೊಳಗ ಎಂಟು ತಂತಿ, ನಾಕು ಜೋಡಿ ಇರ್ತಾವ. 100ರ ವೇಗಕ್ಕ ಎರಡು ಜೋಡಿ ಸಾಕು, 1000ಕ್ಕ ನಾಕೂ ಬೇಕು. ಉಳದ ಎರಡು ಜೋಡ್ಯಾಗ ಒಂದು ತಂತಿ ಕೈಕೊಟ್ರೂ ಛಲೋ ಚಿಪ್ಪು ಸುಮ್ನ ಕೂಡೂದಿಲ್ಲ, ತಾನೇ 100ಕ್ಕ ಇಳದು ಕೆಲಸ ನಡಸ್ತದ. ನಮಗ ನೆಟ್ ಬರ್ತದ, ಹಂಗಾಗಿ ತಪ್ಪು ಎಲ್ಲೆ ಅದ ಅಂತ ಗೊತ್ತೂ ಆಗೂದಿಲ್ಲ.

ನಾ ಕಸೂತಿ ಹಾಕೋಕಿ. ಎಳಿ ಎಣಿಸೋದು ನನಗ ಯಾರೂ ಕಲಸಬೇಕಾಗಿಲ್ಲ. ಗವಂತಿ ಹೊಲಿಗಿ ಮುಂದೂ ಹಿಂದೂ ಒಂದೇ ಥರ ಕಾಣಬೇಕು, ಗಂಟು ಎಲ್ಲೂ ಇರಬಾರದು. ಇಲ್ಲೂ ಅದೇ. ಕೇಬಲ್ಲಿನ ಎರಡೂ ತುದಿ ಪಾರದರ್ಶಕ ಕ್ಲಿಪ್ಪನ್ನ ಬೆಳಕಿಗೆ ಹಿಡದು ಬಣ್ಣ ಓದಿದೆ: ಬಿಳಿ ಕಿತ್ತಳಿ, ಕಿತ್ತಳಿ, ಬಿಳಿ ಹಸರು, ನೀಲಿ, ಬಿಳಿ ನೀಲಿ, ಹಸರು, ಬಿಳಿ ಕಂದು, ಕಂದು. ಎರಡೂ ಕಡೆ ಇದೇ ಸಾಲು. ಆದ್ರ ಒಂದು ತುದ್ಯಾಗ ಕೊನೀ ಕಂದು ತಂತಿ ಕ್ಲಿಪ್ಪಿನ ಮೂತಿ ತನಕ ಹೋಗಿರಲಿಲ್ಲ, ಒಂದು ಜ್ವಾಳದ ಕಾಳಿನಷ್ಟು ಹಿಂದ ನಿಂತಿತ್ತು. ಆ ತುದಿ ಕತ್ತರಿಸಿ ಹೊಸಾ ಕ್ಲಿಪ್ಪು ಹಾಕಿಸಿದ್ವಿ, ವೇಗ 200 ಮುಟ್ತು. ಇಂಥಾ ಕೆಲಸದಾಗ ತಮ್ಮ ಒಂದೇ ಕಟ್ಟುನಿಟ್ಟು ಹೇಳಿದ್ದ: ಒಂದು ಸಲಕ್ಕ ಒಂದೇ ಬದಲಸು. ಕೇಬಲ್ ಬದಲಿಸಿದ್ರ ಕಿಂಡಿ ಬದಲಿಸಬ್ಯಾಡ. ಸಾರಿಗೆ ಉಪ್ಪು, ಹುಳಿ, ಬೆಲ್ಲ ಕೂಡೇ ಹಾಕಿ ಯಾವುದು ಹೆಚ್ಚಾತು ಅಂತ ಹುಡುಕಿದಂಗ ಆಗ್ತದ.

ಇಷ್ಟರ ಮ್ಯಾಲೆ ನಾಕು ತಿಂಗಳು ಎಲ್ಲಾ ಸುರಳೀತ ಇತ್ತು. ಅಂದ್ರ ಇದ್ದಂಗ ಕಾಣ್ತಿತ್ತು.

ನನ್ನ ಮಗಳು ಏಳನೇತ್ತ. ರಾತ್ರಿ ಒಂಬತ್ತಾದ ಮ್ಯಾಲೆ ಅಕಿ ಗೇಮಿನ ಸೈಟು ತೆರೀಬಾರದು ಅಂತ ತಮ್ಮ ಪೆಟಗಿಗೆ ಹೇಳಿಟ್ಟಿದ್ದ. ಮಳಿಗಾಲ ಶುರು ಆದ ಮ್ಯಾಲೆ ಒಂದು ನೋಡಿದೆ. ರಾತ್ರಿ ಕರೆಂಟ್ ಹೋದ್ರ ನಾವೆಲ್ಲಾ ಹಾಳಾಗಿ ಹೋತು ಅಂತ ಮೇಣಬತ್ತಿ ಹುಡುಕ್ತೇವಿ, ಈಕಿ ಮಾತ್ರ ಸಪ್ಪಳ ಇಲ್ಲದ ಖುಷಿ. ಫೋನ್ ತಗೊಂಡು ಮಹಡಿ ಮೆಟ್ಲ ಮ್ಯಾಲೆ ಕೂಡ್ತಾಳ. ಎರಡು ಸಲ ನೋಡಿದೆ, ಮೂರನೇ ಸಲ ಮೆಲ್ಲಕ ಹಿಂದ ಹೋಗಿ ನಿಂತೆ. ಗೇಮು ನಡದದ!

"ಸಿಮ್ಮಿನ ನೆಟ್ಟೇನ?" ಅಂದೆ. ಅಕಿ ಫೋನಿನ್ಯಾಗ ಸಿಮ್ಮ ಇಲ್ಲ. ಅದು ಅಕಿ ಅಪ್ಪನ ಹಳೇ ಫೋನು.

ಈಗ ವಿಚಾರ ಮಾಡ್ರಿ. ನಮ್ಮಲ್ಲೆ ನೆಟ್ ಬರೋ ದಾರಿ ಹಿಂಗ: ನೆಟ್ ಕಂಪನಿಯವರು ಗ್ವಾಡಿಗೆ ಹೊಡದು ಹೋದ ಬಿಳಿ ಡಬ್ಬಿ, ಓಎನ್‌ಟಿ ಅಂತಾರ. ಅಲ್ಲಿಂದ ಕೇಬಲ್ ಪೆಟಗಿಯ 1ನೇ ಕಿಂಡಿಗೆ. 2ನೇ ಕಿಂಡಿಯಿಂದ ವೈಫೈ ಡಬ್ಬಿಗೆ. ಬಿಳಿ ಡಬ್ಬಿ, ವೈಫೈ ಡಬ್ಬಿ ಎರಡಕ್ಕೂ 12 ವೋಲ್ಟಿನ ಸಣ್ಣ ಯುಪಿಎಸ್ ಅದ, ಕರೆಂಟ್ ಹೋದ್ರೂ ಉರೀತಾವ. ಪೆಟಗಿಗೆ ಅದಿಲ್ಲ, ಅದು ಸೀದಾ ಗ್ವಾಡಿ ಪ್ಲಗ್ಗಿಗೆ. ಅಂದ್ರ ಕರೆಂಟ್ ಹೋದಾಗ ನಡುವಿನ ಪೆಟಗಿ ಸತ್ತಂಗ. ನಡುವಿನ ಸೇತುವಿ ಮುರದ ಮ್ಯಾಲೆ ಆಚಿ ದಂಡಿಯಿಂದ ಈಚಿ ದಂಡಿಗೆ ನೆಟ್ ಹೆಂಗ ದಾಟ್ತದ?

ಮಗಳನ್ನ ಬೈಲಿಲ್ಲ, ಕೂಡಿಸ್ಕೊಂಡು ಕೇಳಿದೆ. ಅಕಿ ಸರಿಯಾಗಿ ಹೇಳಿದ್ಲು, ನನಗಿಂತ ಛಲೋ ನೋಡಿಟ್ಟಿದ್ಲು. ಕರೆಂಟ್ ಹೋದ ಕೂಡಲೆ ನೆಟ್ ನಿಲ್ತದಂತ. ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದ್ರ ಬರ್ತದಂತ, ಮತ್ತ ಎಲ್ಲಾ ಸೈಟೂ ತೆರೀತಾವಂತ.

ಟಾರ್ಚು ಹಿಡಕೊಂಡು ಸಾಮಾನಿನ ಕೋಣಿಗೆ ಹೋದೆ. ಪೆಟಗಿ ಮ್ಯಾಲೆ ಒಂದು ದೀಪಾನೂ ಇಲ್ಲ, ಫ್ಯಾನೂ ಇಲ್ಲ, ಗಪ್ ಚಿಪ್. ಆದ್ರ ಬಿಳಿ ಡಬ್ಬ್ಯಾಗ ಪೆಟಗಿಗೆ ಹೋಗೋ ಕೇಬಲ್ಲಿನ ದೀಪ ಉರೀಲಿಕತ್ತದ. ವೈಫೈ ಡಬ್ಬ್ಯಾಗೂ ಪೆಟಗಿಯಿಂದ ಬರೋ ಕೇಬಲ್ಲಿನ ದೀಪ ಉರೀಲಿಕತ್ತದ. ಈ ದೀಪ ಆ ತುದಿಯಾಗ ಜೀವ ಇದ್ದದ್ದು ಏನರೆ ಇದ್ರ ಮಾತ್ರ ಹತ್ತೋದು. ಸತ್ತ ಪೆಟಗಿಗೆ ಚುಚ್ಚಿದ ಕೇಬಲ್ಲಿಗೆ ದೀಪ ಯಾಕ? ನಾ ಪೆಟಗಿಯಿಂದ 1ನೇ ಕೇಬಲ್ ಎಳದೆ. ಎರಡೂ ಡಬ್ಬಿ ದೀಪ ಒಮ್ಮೇಲೆ ಆರಿದ್ವು. ಮತ್ತ ಹಾಕಿದೆ, ಎರಡೂ ಹತ್ತಿದ್ವು. ಖರೆ ಹೇಳ್ತೇನಿ, ಮೈ ಜುಮ್ ಅಂತು.

ಇನ್ನೊಂದು ಸಾಕ್ಷಿ ಫೋನಿನ್ಯಾಗ ಸಿಕ್ತು. ವೈಫೈ ವಿವರದಾಗ ಐಪಿ ಅಡ್ರೆಸ್ ಅಂತ ಇರ್ತದ ನೋಡ್ರಿ. ಪೆಟಗಿ ಕೊಡೋ ಅಡ್ರೆಸ್ 192.168.50 ಅಂತ ಶುರು ಆಗ್ತದ, ತಮ್ಮ ಬೇಕಂತನ ಹಂಗ ಇಟ್ಟಿದ್ದ. ಆವಾಗ ಇದ್ದದ್ದು 192.168.1. ಅದು ಬಿಳಿ ಡಬ್ಬಿ ಕೊಡೋ ಅಡ್ರೆಸ್. ಅಂದ್ರ ಮಗಳ ಫೋನು ಕಾವಲುಗಾರನ್ನ ದಾಟಿ ಸೀದಾ ಬೀದಿ ಬಾಗಲದವನ ಹತ್ರ ಹೋಗಿ ಚೀಟಿ ತಂದಿತ್ತು. ವೈಫೈ ಆಫ್ ಮಾಡಿ ಆನ್ ಮಾಡೋದು ಯಾಕ ಬೇಕಾಗಿತ್ತು ಅಂತಾನೂ ಇದರಿಂದ ತಿಳೀತು. ಹಳೇ ಚೀಟಿ ಹರದು ಹೊಸಾ ಚೀಟಿ ತರಲಿಕ್ಕೆ.

ಮೂರೂ ಸಂಗತಿ ತಮ್ಮಗ ಹೇಳಿದೆ. ಅವ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮ್ಯಾಲೆ, "ಅಕ್ಕಾ, ಬೈಪಾಸ್ ರಿಲೇ" ಅಂದ.

ಇದು ಏನಂದ್ರ, ಇಂಥಾ ಆಫೀಸು ಪೆಟಗಿಗಳಾಗ ಎರಡೆರಡು ಕಿಂಡಿ ಜೋಡಿ ಮಾಡಿ ನಡುವ ಒಂದು ಸಣ್ಣ ಸ್ವಿಚ್ಚು ಇಟ್ಟಿರ್ತಾರ, ರಿಲೇ ಅಂತಾರ. ಪೆಟಗಿಗೆ ಕರೆಂಟ್ ಇರೋ ತನಕ ಆ ಎರಡು ಕಿಂಡಿ ಬ್ಯಾರೆ ಬ್ಯಾರೆ. ಕರೆಂಟ್ ಹೋದ ಗಳಿಗ್ಯಾಗ ಟಕ್ ಅಂತ ಒಳಗ ಎರಡನ್ನೂ ಕೂಡಿಸಿಬಿಡ್ತದ, ಎರಡು ಕೇಬಲ್ಲನ್ನ ಒಂದೇ ಕೇಬಲ್ ಮಾಡಿದಂಗ. ಆಫೀಸಿನವರಿಗೆ ಅದು ಬೇಕಾಗಿರ್ತದ. ಪೆಟಗಿ ಕೆಟ್ಟರೂ ಕೆಲಸ ನಿಲ್ಲಬಾರದು, ಸಾವಿರ ಮಂದಿ ಕೈ ಕಟ್ಕೊಂಡು ಕೂಡಬಾರದು ಅಂತ. ಅಲ್ಲೆ ಒಂದರ ಹಿಂದ ಇನ್ನೊಂದು ಕಾವಲು ಬ್ಯಾರೆ ಇರ್ತಾವ. ನಮ್ಮನ್ಯಾಗ ಇರೋದು ಒಂದ. ಕಾವಲುಗಾರ ಮಲಕೊಂಡ ಕೂಡಲೆ ಬಾಗಲಾ ತಾನೇ ತೆರಕೊಳ್ಳೋ ವ್ಯವಸ್ಥಾ ಯಾವ ಮನ್ಯಾಗರೆ ಮಾಡ್ತಾರೇನ್ರಿ? ಪೆಟಗಿ ಹೊರಗ ನೋಡಿದ್ರ 1 ಮತ್ತು 2ರ ಕೆಳಗ ಎರಡನ್ನೂ ಕೂಡಿಸೋ ಒಂದು ಸಣ್ಣ ಗೆರಿ ಇತ್ತು. ನಾವು ಅದನ್ನ ಅಂದಕ್ಕ ಅಂತ ತಿಳ್ಕೊಳ್ಳೋ ಹಂಗ ಇತ್ತು ಅದು.

ನನಗ ಮಗಳ ಗೇಮಿನ ಚಿಂತಿ ಇರಲಿಲ್ಲ. ಅತ್ತಿಯವರ ನೆನಪಾತು. ಇವತ್ತು ಕರೆಂಟ್ ಕಟ್ ಆಗ್ತದ ಅನ್ನೋ ಮೆಸೇಜು ಖರೇನ ಕರೆಂಟ್ ಹೋದಾಗ ಓದಿದ್ರ ಯಾರು ನಂಬೂದಿಲ್ಲ? ಕತ್ತಲದಾಗ ಕೂತು, ಅಯ್ಯ, ಹೇಳಿದಂಗ ಆತಲ್ಲ ಅಂತ ಕೈ ತಾನೇ ಒತ್ತತದ. ಸರಿಯಾಗಿ ಆ ಹೊತ್ತಿಗೇ ನಮ್ಮ ಪೆಟಗಿ ದಾರಿ ಬಿಟ್ಟು ನಿಂತಿರ್ತಿತ್ತು.

ಹೆದರಿಕಿನೂ ಅಳತಿ ಮೀರಿ ಬ್ಯಾಡ ಅಂತ ತಮ್ಮ ಹೇಳಿದ. ಬಿಳಿ ಡಬ್ಬಿನೂ ತನ್ನ ಮಟ್ಟಿಗೆ ಒಂದು ಬಾಗಲಾ. ಹೊರಗಿನವರು ಯಾರೂ ಸೀದಾ ಒಳಗ ಬರಲಿಕ್ಕೆ ಅದು ಬಿಡೂದಿಲ್ಲ. ಹೋದದ್ದು ಸೋಸೋ ಕೆಲಸ ಅಷ್ಟ. ಆದ್ರ ನಾವು ಪೆಟಗಿ ತಂದದ್ದೇ ಸೋಸಲಿಕ್ಕೆ ಅಲ್ಲೇನು?

ಬಗೆಹರಿಸಲಿಕ್ಕೆ ಎರಡು ದಾರಿ ಇದ್ವು. ಪೆಟಗಿಯ ಬಯೋಸ್ ಒಳಗ ಹೋಗಿ ಬೈಪಾಸ್ ಬ್ಯಾಡ ಅಂತ ಬರಿಯೋದು ಒಂದು. ಹಳೇ ಪೆಟಗ್ಯಾಗ ಅದನ್ನ ನಂಬಬಾರದು ಅಂತ ನನ್ನ ಲೆಕ್ಕ. ಆ ಬರದದ್ದನ್ನ ನೆನಪಿಡೋದು ಒಳಗಿನ ಸಿಆರ್2032 ಅನ್ನೋ ಮೂರು ವೋಲ್ಟಿನ ರೊಕ್ಕದಾಕಾರದ ಬ್ಯಾಟ್ರಿ. ಅದು ಮುಗೀತು ಅಂದ್ರ ಪೆಟಗಿ ತವರಿನ ಬುದ್ಧಿಗೆ ಹೋಗ್ತದ, ಅಂದ್ರ ಮತ್ತ ಬೈಪಾಸು, ನಮಗ ಸುದ್ದೀನೂ ಹತ್ತೂದಿಲ್ಲ. ಇನ್ನೊಂದು ದಾರಿ, ಜೋಡಿ ಇಲ್ಲದ ಕಿಂಡಿ ಹುಡುಕಿ ಕೇಬಲ್ ಅಲ್ಲಿಗೆ ಹಾಕೋದು. ಇದನ್ನ ಬ್ಯಾಟ್ರಿ ಮರಸಲಿಕ್ಕೆ ಆಗೂದಿಲ್ಲ.

ಯಾವುದಕ್ಕ ಜೋಡಿ ಅದ, ಯಾವುದಕ್ಕಿಲ್ಲ? ಗೆರಿ ನಂಬೂದ್ಯಾಕ, ನೋಡೇ ಬಿಡೋಣು ಅಂತ ಮರುದಿನ ಮಧ್ಯಾಹ್ನ ಪೆಟಗಿ ಪ್ಲಗ್ ತಗದು ಕೂತೆ. ಆರು ಕಿಂಡ್ಯಾಗ ಎರಡೆರಡು ಆರಿಸಿದ್ರ ಒಟ್ಟು 15 ಜೋಡಿ ಆಗ್ತಾವ. ಒಂದೊಂದು ಜೋಡಿಗೂ ಬಿಳಿ ಡಬ್ಬಿ ಕೇಬಲ್ ಒಂದರಾಗ, ವೈಫೈ ಕೇಬಲ್ ಇನ್ನೊಂದರಾಗ ಹಾಕಿ, ಹತ್ತು ಎಣಿಸಿ, ದೀಪ ಹತ್ತೇದೋ ಇಲ್ಲೋ ಕ್ಯಾಲೆಂಡರಿನ ಹಿಂಬದಿ ಬರಕೊಂಡೆ. ಮಗಳು ದೀಪ ನೋಡಿ ಕೂಗೋದು, ನಾ ಬರಿಯೋದು. 1 ಮತ್ತು 2 ಹತ್ತಿತು. 3 ಮತ್ತು 4 ಹತ್ತಿತು. ಉಳದ 13ರಾಗ ಒಂದೂ ಇಲ್ಲ. ಅಂದ್ರ 5 ಮತ್ತು 6 ಶುದ್ಧ ಅವ.

ರಾತ್ರಿ ತಮ್ಮ ಫೋನಿನ್ಯಾಗ ಕೂತ. ಕನ್ಸೋಲ್ ಕೇಬಲ್ ಲ್ಯಾಪ್‌ಟಾಪಿಗೆ ಹಚ್ಚಿ, ಹೊರಗಿನ ನೆಟ್ ಇನ್ನ ಮ್ಯಾಲೆ 5ಕ್ಕ, ಮನಿ ಕಡೇದು 6ಕ್ಕ ಅಂತ ಅವ ಹೇಳಿದಂಗ ಬರದೆ. ಒಳಗಿನ ಹೆಸರು ಐಜಿಬಿ1, ಐಜಿಬಿ0. ಆ ಅಂಟಿಸಿದ ಚೀಟಿ ಇಲ್ಲದಿದ್ರ ಇದಕ್ಕ ಮತ್ತೊಂದು ರಾತ್ರಿ ಹೋಗ್ತಿತ್ತು. ಆಮ್ಯಾಲೆ ಪ್ಲಗ್ ಎಳದೆ. ಬಿಳಿ ಡಬ್ಬಿ ದೀಪ ಆರಿತು, ವೈಫೈ ದೀಪ ಆರಿತು. ಮಗಳು ವೈಫೈ ಆಫ್ ಮಾಡಿ ಆನ್ ಮಾಡಿದ್ಲು, ಮತ್ತ ಮಾಡಿದ್ಲು. ಏನೂ ಇಲ್ಲ. ಅಕಿ ಮಾರಿ ನೋಡಬೇಕಿತ್ತು ನೀವು.

ಈಗ ಕರೆಂಟ್ ಹೋದ್ರ ನಮ್ಮನ್ಯಾಗ ನೆಟ್ ಇಲ್ಲ. ನಮ್ಮ ಮನಿಯವರು ಗೊಣಗಿದ್ರು, ಪೆಟಗಿಗೂ ಒಂದು ಯುಪಿಎಸ್ ತರೋಣು ಅಂದ್ರು. ತರ್ಲಿ, ಯುಗಾದಿಗೆ ನೋಡೋಣು. 1ರಿಂದ 4ರ ತನಕ ನಾಕೂ ಕಿಂಡಿಗೆ ಕೆಂಪು ಟೇಪ್ ಹಚ್ಚೇನಿ, ಟಿವಿ ಕೇಬಲ್ ಹಚ್ಚಲಿಕ್ಕೆ ಬಂದ ಹುಡುಗ ಅದರಾಗ ಏನೂ ಚುಚ್ಚಬಾರದು ಅಂತ. ತಿಂಗಳ ಮೊದಲನೇ ರವಿವಾರ ತಲಿಗೆ ಎಣ್ಣಿ ಹಚ್ಚಕೊಂಡು ಕೂತಾಗ ಒಂದು ಸಲ ಪ್ಲಗ್ ಎಳದು ದೀಪ ಆರ್ತಾವೇನು ನೋಡ್ತೇನಿ. ನಿಮ್ಮ ಮನ್ಯಾಗೂ ಯಾರರೆ ಹಿಂಗ ಆಫೀಸಿನ ಹಳೇ ಪೆಟಗಿ ತಂದು ಕೂಡಿಸಿದ್ರ, ಅದು ನಡೀತದೋ ಇಲ್ಲೋ ಅಂತ ನೋಡೋದರ ಜೋಡಿ ಬಂದ್ ಮಾಡಿದಾಗ ಏನಾಗ್ತದ ಅಂತಾನೂ ನೋಡ್ರಿ. ಎರಡು ನಿಮಿಷದ ಕೆಲಸ.

ಪೆಟಗಿ ಫೋನ್ ಕರಿ ತಡಿಯೂದಿಲ್ಲ, ಇದನ್ನ ಅತ್ತಿಯವರಿಗೂ ಹೇಳೇನಿ. ಪೊಲೀಸ್ ವೇಷ ಹಾಕ್ಕೊಂಡು ವಿಡಿಯೋದಾಗ ಬಂದು ಹೆದರಸೋರು ಅದರ ಕೈಗೆ ಸಿಗೂದಿಲ್ಲ. ಅದಕ್ಕ ಅವರ ಟ್ಯಾಬಿನ ಹಿಂದ 1930 ಅಂತ ದಪ್ಪಗ ಬರದು ಅಂಟಿಸೇನಿ. ಆನ್‌ಲೈನಿನ್ಯಾಗ ರೊಕ್ಕ ಹೋದ್ರ ಸರ್ಕಾರದ ನಂಬರ್ ಅದು, ಎಷ್ಟು ಲಗೂನ ಮಾಡ್ತೀರೋ ಅಷ್ಟು ಛಲೋ. ಅಂಥದ್ದೇ ಒಂದು ಚೀಟಿ ಓಣ್ಯಾಗಿನ ಆ ಮಾಮಿಗೂ ಕೊಟ್ಟು ಬಂದೆ. ಹೋದ ವಾರ ಅವರು ಮತ್ತ ಕಟ್ಟಿಗೆ ಬಂದು ಕೂತಿದ್ರು. ಅತ್ತಿಯವರು ಪೆಟಗಿ ಕತಿ ಹೇಳಲಿಕತ್ತಿದ್ರು, ಅರ್ಧಾ ಉಲ್ಟಾ ಹೇಳ್ತಿದ್ರು, ನಾ ನಡುವ ಬಾಯಿ ಹಾಕಲಿಲ್ಲ.

ಮುಂದಿನ ಸಲ ನುಚ್ಚಿನುಂಡಿ. ಖಂಡಿತ.